ದೊಡ್ಡಪ್ಪನ ಪ್ರಶ್ನೆಗೆ ಉತ್ತರ: ಮೊಬೈಲಿನಲ್ಲಿ ನೋಡುವ ವೈದ್ಯರ ಬಗ್ಗೆ

ದೊಡ್ಡಪ್ಪ, ನಮಸ್ಕಾರ. ಗುಂಪಿನಲ್ಲಿರುವ ಹಿರಿಯರಿಗೂ ಕಿರಿಯರಿಗೂ ನಮಸ್ಕಾರ. ದೊಡ್ಡಮ್ಮನನ್ನು ತಿಂಗಳು ತಿಂಗಳು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಗಡಿಯಾಚೆಯ ಮಂಗಳೂರಿಗೆ ಕರೆದೊಯ್ಯುವ ಕಷ್ಟ ಇನ್ನು ಬೇಡ, ಮೊಬೈಲಿನಲ್ಲೇ ವೈದ್ಯರನ್ನು ಕಂಡರೆ ಸಾಕು ಎಂದು ಬೆಂಗಳೂರಿನಿಂದ ತಮ್ಮ ಬರೆದದ್ದನ್ನು ಓದಿದೆ. ಅದಕ್ಕೆ ನೀವು ಬೆಳಿಗ್ಗೆ, ಮೈ ಮುಟ್ಟಿ ನೋಡದವರು ಎಂಥ ವೈದ್ಯರು, ಇದೆಲ್ಲ ದುಡ್ಡು ಮಾಡುವ ದಾರಿ ಎಂದು ಹೇಳಿದ್ದನ್ನೂ ಪೂರ್ತಿ ಕೇಳಿದೆ. ಕುಟುಂಬ ಆರೋಗ್ಯ ಕೇಂದ್ರದ ನರ್ಸ್ ಆಗಿ ಈ ಕೆಲಸದ ಒಂದು ತುದಿಯಲ್ಲಿ ಕುಳಿತಿರುವವಳಾದ್ದರಿಂದ ನನಗೆ ತಿಳಿದದ್ದನ್ನು ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಮಾತು ಸ್ವಲ್ಪ ಉದ್ದವಾದೀತು, ಬಿಡುವಿದ್ದಾಗ ಕೇಳಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ರೋಗಿಯ ಪಕ್ಕದಲ್ಲಿ ನೋಡಲು, ಅಳೆಯಲು, ಮುಟ್ಟಿ ಹೇಳಲು ಬಲ್ಲ ಒಬ್ಬರು ಇದ್ದರೆ ಟೆಲಿಮೆಡಿಸಿನ್, ಅಂದರೆ ದೂರದಲ್ಲಿರುವ ವೈದ್ಯರು ಫೋನು, ವಿಡಿಯೋಗಳ ಮೂಲಕ ನೋಡುವ ಪದ್ಧತಿ, ನಮ್ಮಂಥ ಗಡಿಯ ಊರಿನವರಿಗೆ ದೊಡ್ಡ ಉಪಕಾರ. ಆ ಒಬ್ಬರು ಇಲ್ಲದಿದ್ದರೆ ಆ ಕಡೆ ಎಷ್ಟು ದೊಡ್ಡ ತಜ್ಞರು ಕುಳಿತಿದ್ದರೂ ಅವರಿಗೆ ಅರ್ಧವೇ ಕಾಣುತ್ತದೆ. ಆದ್ದರಿಂದ ನಿಮ್ಮ ಹೆದರಿಕೆಯಲ್ಲಿ ನಿಜವಿದೆ, ಆದರೆ ಟೆಲಿಮೆಡಿಸಿನ್ ಬೇಡವೇ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಇದು ನಿನ್ನೆ ಮೊನ್ನೆ ಹುಟ್ಟಿದ ವ್ಯಾಪಾರವೂ ಅಲ್ಲ. ಹಾಲೆಂಡಿನ ಲೈಡನ್ ನಗರದಲ್ಲಿ ವಿಲೆಮ್ ಐಂಥೋವನ್ ಎಂಬ ವಿಜ್ಞಾನಿ ಹೃದಯದ ವಿದ್ಯುತ್ತನ್ನು ಬರೆದು ತೋರಿಸುವ ಯಂತ್ರವನ್ನು ತಯಾರಿಸಿದಾಗ ಅದು ನೂರಾರು ಕಿಲೋ ತೂಗುತ್ತಿತ್ತು, ನಡೆಸಲು ಹಲವರು ಬೇಕಿತ್ತು. ಅದನ್ನು ಆಸ್ಪತ್ರೆಗೆ ಸಾಗಿಸುವಂತಿರಲಿಲ್ಲ, ಹೃದಯದ ರೋಗಿಗಳನ್ನು ಪ್ರಯೋಗಾಲಯಕ್ಕೆ ಎಬ್ಬಿಸಿ ತರುವಂತೆಯೂ ಇರಲಿಲ್ಲ. ಹಾಗಾಗಿ 1905ರಲ್ಲಿ ಅವರು ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಟೆಲಿಫೋನ್ ತಂತಿಯ ಮೂಲಕ ರೋಗಿಯ ಹೃದಯದ ಸಂಕೇತವನ್ನು ಪ್ರಯೋಗಾಲಯಕ್ಕೆ ತರಿಸಿಕೊಂಡರು. ಆಗಿನ ಕ್ರಮದಲ್ಲಿ ರೋಗಿಯ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಮುಳುಗಿಸಿಡಬೇಕಿತ್ತು, ಅದನ್ನು ಸರಿಯಾಗಿ ಮಾಡಿಸಲು ಆಸ್ಪತ್ರೆಯ ಕಡೆಯಲ್ಲಿ ಜನ ಬೇಕೇ ಬೇಕಿತ್ತು. ಇಂದು ನಾವು ಮಾಡುತ್ತಿರುವುದರ ಮೂಲ ತತ್ತ್ವ ಅಂದಿನದೇ.

ನಮ್ಮ ದೇಶದಲ್ಲಿ 2000ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಆಂಧ್ರದ ಚಿತ್ತೂರು ಜಿಲ್ಲೆಯ ಅರಗೊಂಡ ಎಂಬ ಹಳ್ಳಿಯ ಆಸ್ಪತ್ರೆಯ ಟೆಲಿಮೆಡಿಸಿನ್ ಕೇಂದ್ರವನ್ನು, ಭಾರತ ಪ್ರವಾಸದಲ್ಲಿದ್ದ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಉದ್ಘಾಟಿಸಿದರು. 2002ರಲ್ಲಿ ಇಸ್ರೋ ತನ್ನ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಇಲ್ಲೆಲ್ಲ ರೋಗಿಯ ಕಡೆಯಲ್ಲಿ ಇದ್ದದ್ದು ಆಸ್ಪತ್ರೆಯೇ, ಅಲ್ಲಿಯ ಸಿಬ್ಬಂದಿಯೇ. ರೋಗಿ ಒಬ್ಬಂಟಿಯಾಗಿ ಮೊಬೈಲ್ ಹಿಡಿದು ಕುಳಿತುಕೊಳ್ಳುವ ಪದ್ಧತಿ ಆಮೇಲೆ ಬಂದದ್ದು.

ಆ ಪದ್ಧತಿ ಹೇಗೆ ಬಲವಾಯಿತು ಎಂಬುದನ್ನು ಕಾಸರಗೋಡಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚ್ ಕೊನೆಯಲ್ಲಿ, ಕೋವಿಡ್ ಸಮಯದಲ್ಲಿ, ಮಂಗಳೂರಿನ ದಾರಿಯಲ್ಲಿರುವ ತಲಪಾಡಿಯ ಗಡಿ ಮುಚ್ಚಿದಾಗ, ಹೆರಿಗೆಗೂ ಡಯಾಲಿಸಿಸಿಗೂ ಹೃದಯದ ತೊಂದರೆಗೂ ಮಂಗಳೂರನ್ನೇ ನಂಬಿ ಬದುಕಿದ ನಮ್ಮ ಜಿಲ್ಲೆಯಲ್ಲಿ ಹಲವರು ದಾರಿ ಸಿಗದೆ ತೀರಿಕೊಂಡರು, ವಿಷಯ ಹೈಕೋರ್ಟಿನವರೆಗೂ ಹೋಯಿತು. ದೇಶವಿಡೀ ಲಾಕ್‌ಡೌನ್ ಆರಂಭವಾದ ಮಾರ್ಚ್ 25ರಂದೇ ಭಾರತದಲ್ಲಿ ಟೆಲಿಮೆಡಿಸಿನ್‌ಗೆ ಮೊದಲ ಸ್ಪಷ್ಟ ಮಾರ್ಗಸೂಚಿ ಬಂತು. ನೋಂದಾಯಿತ ವೈದ್ಯರು ದೇಶದ ಯಾವ ಭಾಗದಲ್ಲಿರುವ ರೋಗಿಗೂ ದೂರದಿಂದ ಸಲಹೆ ಕೊಡಬಹುದು ಎಂಬ ಅದರ ಮಾತು ನಮಗೆ ಬಹಳ ದೊಡ್ಡದು, ಏಕೆಂದರೆ ರಾಜ್ಯದ ಗಡಿ ರಸ್ತೆಗೆ ಅಡ್ಡ ಬಂದರೂ ಸಲಹೆಗೆ ಅಡ್ಡ ಬರುವುದಿಲ್ಲ. ದೊಡ್ಡಮ್ಮನ ಮಂಗಳೂರಿನ ವೈದ್ಯರು ನೋಂದಣಿ ಸಂಖ್ಯೆ ಮತ್ತು ಸಹಿಯೊಂದಿಗೆ ಕಳಿಸಿದ ಔಷಧ ಚೀಟಿಯನ್ನು ಪೆರ್ಲದ ಮೆಡಿಕಲ್‌ನಲ್ಲಿ ತೋರಿಸಿ ಮಾತ್ರೆ ತರಬಹುದು.

ದೊಡ್ಡಪ್ಪ, ದುಡ್ಡು ಮಾಡುವ ದಾರಿ ಎಂದು ನೀವು ಹೇಳಿದ್ದಕ್ಕೂ ಇಲ್ಲೇ ಉತ್ತರಿಸುತ್ತೇನೆ. ಅಂಥ ಆ್ಯಪ್‌ಗಳು ಇರಬಹುದು. ಆದರೆ ಕೇಂದ್ರ ಸರ್ಕಾರದ ಇ-ಸಂಜೀವನಿ ಪೂರ್ತಿ ಉಚಿತ. ಅದು 2019ರ ನವೆಂಬರಿನಲ್ಲಿ ಆರಂಭವಾಯಿತು, 2023ರ ಫೆಬ್ರವರಿ ಹೊತ್ತಿಗೆ ಅದರಲ್ಲಿ ನಡೆದ ಸಮಾಲೋಚನೆಗಳು 10 ಕೋಟಿ ದಾಟಿದ್ದವು. ಅದರಲ್ಲಿ ಎರಡು ದಾರಿಗಳಿವೆ: ಮನೆಯಿಂದಲೇ ಟೋಕನ್ ಪಡೆದು ವೈದ್ಯರನ್ನು ಕಾಣುವುದು ಒಂದು, ಆರೋಗ್ಯ ಕೇಂದ್ರಕ್ಕೆ ಬಂದು ನಮ್ಮ ಎದುರಿನಲ್ಲಿ ದೊಡ್ಡ ಆಸ್ಪತ್ರೆಯ ತಜ್ಞರನ್ನು ಕಾಣುವುದು ಇನ್ನೊಂದು. ವಯಸ್ಸಾದವರಿಗೆ ಎರಡನೆಯದೇ ಒಳ್ಳೆಯದೆಂದು ನಾನು ಒತ್ತಿ ಹೇಳುತ್ತೇನೆ. ಕೇರಳದ ಸರದಿಯಲ್ಲಿ ಸಿಗುವ ವೈದ್ಯರಿಗೆ ಸಾಮಾನ್ಯವಾಗಿ ಮಲಯಾಳವೇ ಅನುಕೂಲ, ನಮ್ಮ ಹಿರಿಯರಿಗೆ ಕನ್ನಡವೋ ತುಳುವೋ ಬಂದರೆ ಮಾತ್ರ ನೋವು ಬಾಯಿಗೆ ಬರುತ್ತದೆ. ಪಕ್ಕದಲ್ಲಿ ನಾವಿದ್ದರೆ ಆ ತೊಡಕು ಇರುವುದಿಲ್ಲ.

ಮುಟ್ಟಿ ನೋಡುವ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಮುಖ್ಯ ಆಕ್ಷೇಪ ಅದು. ಹೃದಯದ ಪಂಪಿಂಗ್ ಕಡಿಮೆ ಇರುವ ದೊಡ್ಡಮ್ಮನಂಥವರ ಕಾಲು ಊದಿದೆಯೋ ಇಲ್ಲವೋ ಎಂಬುದು ಬರೀ ಚಿತ್ರದಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಹಾಗಾಗಿ ನಾವು ಕ್ಯಾಮೆರಾದ ಎದುರಿನಲ್ಲೇ ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಕೆಲವು ಸೆಕೆಂಡು ಒತ್ತಿ ಹಿಡಿದು ಬಿಡುತ್ತೇವೆ. ಬೆರಳು ತೆಗೆದ ಮೇಲೂ ಗುಳಿ ಹಾಗೆಯೇ ಉಳಿದರೆ ನೀರು ತುಂಬಿದೆ ಎಂದು ಆ ಕಡೆಯ ವೈದ್ಯರಿಗೆ ತಿಳಿಯುತ್ತದೆ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತೇವೆ. ರಾತ್ರಿ ಎಷ್ಟು ದಿಂಬು ಇಟ್ಟು ಮಲಗುತ್ತೀರಿ ಎಂದು ವೈದ್ಯರು ಕೇಳಿದರೆ ರೋಗಿ ಒಂದು ಎಂದು ಹೇಳುವುದೂ, ಪಕ್ಕದಲ್ಲಿರುವ ಸೊಸೆ ಮೂರು ಎಂದು ತಿದ್ದುವುದೂ ಉಂಟು. ದಿಂಬು ಹೆಚ್ಚು ಬೇಕಾದರೆ ಚಪ್ಪಟೆ ಮಲಗಿದಾಗ ಉಸಿರು ಕಟ್ಟುತ್ತಿದೆ ಎಂದರ್ಥ, ಹಾಗಾಗಿ ಆ ತಿದ್ದುಪಡಿಯಿಂದ ಮಾತ್ರೆಯ ಪ್ರಮಾಣವೇ ಬದಲಾಗಬಹುದು. ವೈದ್ಯರ ಕೈ ಇಲ್ಲಿಗೆ ತಲುಪದಿದ್ದಾಗ ನಮ್ಮ ಕೈಯೇ ಅವರ ಕೈಯಾಗುತ್ತದೆ.

ಇಸಿಜಿಯ, ಅಂದರೆ ಹೃದಯದ ವಿದ್ಯುತ್ತನ್ನು ಗೆರೆಗಳಲ್ಲಿ ತೋರಿಸುವ ಪರೀಕ್ಷೆಯ ಮಾತೂ ಅದೇ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರಗಳನ್ನು ತಲುಪಿಸಿ, ತೆಗೆದ ಇಸಿಜಿಯನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಜ್ಞರು ನೋಡಿ ಕೂಡಲೇ ಸಲಹೆ ಹೇಳುವ ವ್ಯವಸ್ಥೆಯನ್ನು ಕಟ್ಟಿದ್ದಾರೆ. ಎದೆನೋವನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗುವ ನಮ್ಮ ಊರಿನಲ್ಲಿ ಇದಕ್ಕಿಂತ ಉಪಯುಕ್ತವಾದ ಕೆಲಸ ನನಗೆ ಹೊಳೆಯುವುದಿಲ್ಲ. ಆದರೆ ಎದೆಗೆ ಅಂಟಿಸುವ ವಿದ್ಯುದ್ವಾರ ಒಂದು ಪಕ್ಕೆಲುಬಿನಷ್ಟು ಮೇಲೆ ಹೋದರೂ ಗೆರೆಗಳು ಬದಲಾಗಿ ತಜ್ಞರನ್ನು ದಾರಿ ತಪ್ಪಿಸಬಹುದು. ಆದ್ದರಿಂದ ಯಂತ್ರ ಕೊಟ್ಟರೆ ಸಾಲದು, ಅದನ್ನು ಹಾಕಲು ಕಲಿಸಬೇಕು, ಕಲಿತವರನ್ನು ಅಲ್ಲಿ ಉಳಿಸಿಕೊಳ್ಳಬೇಕು.

ನಮ್ಮ ಜಿಲ್ಲೆಯ ಎಣ್ಮಕಜೆ, ಬೆಳ್ಳೂರು ಕಡೆಗಳಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ನರಳುತ್ತಿರುವ ಮನೆಗಳನ್ನು ನೆನೆದಾಗ ನನಗೆ ಈ ವಿಷಯದಲ್ಲಿ ಸುಮ್ಮನಿರಲಾಗುವುದಿಲ್ಲ. ಗೇರು ತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷ 2000ದ ಇಸವಿಯ ಹೊತ್ತಿಗೆ ನಿಂತಿತಾದರೂ, ಹಾಸಿಗೆ ಬಿಟ್ಟು ಏಳಲಾರದ ಮಕ್ಕಳು ಬೆಳೆದು ದೊಡ್ಡವರಾಗಿದ್ದಾರೆ, ಅವರನ್ನು ಎತ್ತುವ ತಾಯಂದಿರಿಗೆ ವಯಸ್ಸಾಗಿದೆ. ಅಪಸ್ಮಾರದ ಮಾತ್ರೆಯನ್ನು ಮುಂದುವರಿಸಲು ಅಂಥವರನ್ನು ಜೀಪಿನಲ್ಲಿ ಮಲಗಿಸಿ ಘಟ್ಟದ ರಸ್ತೆಯಲ್ಲಿ ಕುಲುಕಿಸಿಕೊಂಡು ಹೋಗಬೇಕೇ? ಹಾಸಿಗೆ ಹಿಡಿದವರ ಆರೈಕೆಗೆ ಮನೆಗೆ ಹೋಗುವ ಪಾಲಿಯೇಟಿವ್ ನರ್ಸ್ ಒಬ್ಬರ ಕೈಯಲ್ಲಿ ಒಳ್ಳೆಯ ನೆಟ್‌ವರ್ಕ್ ಇರುವ ಟ್ಯಾಬ್ ಇದ್ದು, ಆ ಕಡೆ ನರರೋಗ ತಜ್ಞರು ಸಿಗುವಂತಾದರೆ ಹಲವು ಪ್ರಯಾಣಗಳು ತಪ್ಪುತ್ತವೆ. ಇದನ್ನು ನಮ್ಮ ಪಂಚಾಯತಿನಲ್ಲಿ ಕೇಳುವ ಹಕ್ಕು ನಮಗೆ ಇದೆ.

ತಮ್ಮನಿಗೂ ಒಂದು ಮಾತು. ಎದೆನೋವು, ಏಕಾಏಕಿ ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಹೊಟ್ಟೆಯ ತೀವ್ರ ನೋವು, ಇವುಗಳಿಗೆ ವಿಡಿಯೋ ಕರೆ ಮಾಡುತ್ತ ಕೂರಬಾರದು, 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಹೊರಡಬೇಕು. ಮಾದಕ ಔಷಧಗಳ ಕಾನೂನಿನ ಅಡಿಯಲ್ಲಿ ಬರುವ ಕೆಲವು ಮಾತ್ರೆಗಳನ್ನು ದೂರದಿಂದ ಬರೆದುಕೊಡುವಂತಿಲ್ಲ, ಆದ್ದರಿಂದ ವೈದ್ಯರು ಒಲ್ಲೆ ಎಂದರೆ ಅವರೊಂದಿಗೆ ವಾದಿಸಬೇಡ. ಇನ್ನು ಮನಸ್ಸಿನ ಕಳವಳಕ್ಕಾದರೆ ಮಾತೇ ಮುಖ್ಯವಾದ್ದರಿಂದ ದೂರದ ನೆರವು ಚೆನ್ನಾಗಿ ಒದಗುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ, ಮಾನಸಿಕ ಆರೋಗ್ಯಕ್ಕಾಗಿರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಿ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು.

ದೊಡ್ಡಮ್ಮನ ವಿಷಯದಲ್ಲಿ ನನ್ನ ಸಲಹೆ ಇಷ್ಟು. ಮುಂದಿನ ಸಲ ಮಂಗಳೂರಿಗೆ ಹೋದಾಗ, ಮೂರು ತಿಂಗಳಿಗೊಮ್ಮೆ ಖುದ್ದಾಗಿ ಬರುತ್ತೇವೆ, ನಡುವಿನ ತಿಂಗಳುಗಳಲ್ಲಿ ವಿಡಿಯೋದಲ್ಲಿ ನೋಡಬಹುದೇ ಎಂದು ವೈದ್ಯರನ್ನೇ ಕೇಳಿ. ಅದೇ ಕಾಯಿಲೆಗೆ ಆರು ತಿಂಗಳೊಳಗೆ ಅದೇ ವೈದ್ಯರು ಖುದ್ದಾಗಿ ನೋಡಿದ್ದರೆ ಅದು ಮುಂದುವರಿದ ಚಿಕಿತ್ಸೆಯೆಂದೇ ಮಾರ್ಗಸೂಚಿಯ ಲೆಕ್ಕ. ರಕ್ತ ಪರೀಕ್ಷೆಯನ್ನು ಇಲ್ಲಿಯೇ ಮಾಡಿಸಿ ಕಳಿಸೋಣ. ಪ್ರತಿದಿನ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ದೊಡ್ಡಮ್ಮನ ತೂಕವನ್ನು ಪುಸ್ತಕದಲ್ಲಿ ಬರೆದಿಡಿ. ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ವಿಡಿಯೋದ ದಿನಕ್ಕೆ ಕಾಯದೆ ಕೂಡಲೇ ವೈದ್ಯರಿಗೆ ತಿಳಿಸಿ. ಬಿಪಿ ನೋಡುವ ಮೊದಲು ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ಮಾತನಾಡದೆ ಕೂರಲಿ. ಬಿಪಿ ಯಂತ್ರದ ಪಟ್ಟಿಯನ್ನು ರವಿಕೆಯ ತೋಳಿನ ಮೇಲೆ ಕಟ್ಟಬೇಡಿ, ಬರಿ ತೋಳಿಗೆ ಕಟ್ಟಿ, ಕಾಫಿ ಕುಡಿದು ಅರ್ಧ ಗಂಟೆಯಾದರೂ ಕಳೆದಿರಲಿ. ಮೊದಲ ವಿಡಿಯೋ ಸಮಾಲೋಚನೆಯ ದಿನ ನಾನು ರಜೆ ಹಾಕಿ ಮನೆಗೆ ಬಂದು ದೊಡ್ಡಮ್ಮನ ಪಕ್ಕದಲ್ಲಿ ಕೂರುತ್ತೇನೆ, ಅತ್ತಿಗೆಯೂ ಜೊತೆಯಲ್ಲಿದ್ದು ನೋಡಿ ಕಲಿಯಲಿ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ, ಆಸ್ಪತ್ರೆಯಿಂದ ಬರುವಾಗ ಕೊಟ್ಟ ಕಾಗದವನ್ನೂ ಬೆಳಕಿನಲ್ಲಿ ಫೋಟೋ ತೆಗೆದು ಕಳಿಸಿ. ಅವು ದೊಡ್ಡಮ್ಮನ ಸ್ವಂತ ವಿಷಯಗಳಾದ್ದರಿಂದ ಈ ಗುಂಪಿಗೆ ಹಾಕದೆ ನನ್ನ ನಂಬರಿಗೆ ಮಾತ್ರ ಕಳಿಸಿ, ದೊಡ್ಡಪ್ಪ.