ಪಿಆರ್‌ಪಿ ಮಾಡಿಸುವ ಮುಂಚೆ ಏನು ಕೇಳಬೇಕು?

ನೆತ್ತಿಚಿಂತೆ:
ನೆತ್ತಿಯಲ್ಲಿ ಕೂದಲು ತೆಳ್ಳಗಾಗುತ್ತಾ ಬಂದಿದೆ. ಹಣೆಯ ಎರಡೂ ಮೂಲೆ ನುಣ್ಣಗಾಗಿ ವರ್ಷಗಳೇ ಆದವು. ಚರ್ಮದ ಡಾಕ್ಟರು ಪಿಆರ್‌ಪಿ (ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ) ಮಾಡಿಸಿ ಅಂದಿದ್ದಾರೆ. ನನ್ನದೇ ರಕ್ತ ತೆಗೆದು ನನ್ನ ತಲೆಗೇ ಚುಚ್ಚುತ್ತಾರಂತೆ. ಕೆಲಸ ಮಾಡುತ್ತಾ, ಇಲ್ಲ ಸುಮ್ನೆ ದುಡ್ಡು ದಂಡನಾ? ಕೂದಲಿಗೆ ಈಗ ಬಳಸುತ್ತಿರುವ ಔಷಧಿ ಮಿನಾಕ್ಸಿಡಿಲ್ ನಿಲ್ಲಿಸಬಹುದಾ?

ಲ್ಯಾಬ್‌ನವಳು:
ಚರ್ಮದ ಕ್ಲಿನಿಕ್‌ನಲ್ಲಿ ರಕ್ತ ತೆಗೆದು ಸೆಂಟ್ರಿಫ್ಯೂಜ್‌ಗೆ, ಅಂದರೆ ಟ್ಯೂಬನ್ನು ಗಿರಗಿರ ತಿರುಗಿಸುವ ಯಂತ್ರಕ್ಕೆ, ಇಡುವುದು ನನ್ನ ಕೆಲಸ. ಚುಚ್ಚುವವರು ಡಾಕ್ಟರು, ಆದರೆ ಸಿರಿಂಜಿನಲ್ಲಿ ಏನಿರುತ್ತದೆ ಅನ್ನುವುದು ನನ್ನ ಮೇಜಿನ ಮೇಲೆ ತೀರ್ಮಾನವಾಗುತ್ತದೆ.

ಹೆಪ್ಪುಗಟ್ಟದಂತೆ ಸಿಟ್ರೇಟ್ ಹಾಕಿದ ಟ್ಯೂಬಿಗೆ ರಕ್ತ ತುಂಬುತ್ತೇವೆ. ಮೊದಲ ಸಲ ನಿಧಾನವಾಗಿ ತಿರುಗಿಸಿದಾಗ ಕೆಂಪು ಕಣ ತಳಕ್ಕಿಳಿಯುತ್ತದೆ. ಮೇಲೆ ತಿಳಿ ಹಳದಿ ಪ್ಲಾಸ್ಮಾ (ರಕ್ತದ ದ್ರವ ಭಾಗ), ನಡುವೆ ಬಿಳಿಚಿದ ತೆಳು ಪದರ. ಕೆಂಪನ್ನು ಮುಟ್ಟದೆ ಪ್ಲಾಸ್ಮಾ ಎಳೆದುಕೊಳ್ಳುವುದರಲ್ಲೇ ಕೈಚಳಕ ಇರುವುದು. ಅದನ್ನು ಬೇರೆ ಟ್ಯೂಬಿನಲ್ಲಿ ಜೋರಾಗಿ ತಿರುಗಿಸಿದರೆ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಪುಟ್ಟ ಕಣ, ತಳದಲ್ಲಿ ಕೂರುತ್ತದೆ. ಮೇಲಿನ ತಿಳಿ ತೆಗೆದು, ಉಳಿದದ್ದನ್ನು ಮೆಲ್ಲಗೆ ಕಲಕಿದರೆ ಪಿಆರ್‌ಪಿ ರೆಡಿ. ಮಾಮೂಲಿ ರಕ್ತದ ಒಂದು ಮೈಕ್ರೋಲೀಟರಿನಲ್ಲಿ 1.5ರಿಂದ 4.5 ಲಕ್ಷ ಪ್ಲೇಟ್‌ಲೆಟ್ ಇರುತ್ತದೆ. ಇದರಲ್ಲಿ ಸುಮಾರು 10 ಲಕ್ಷ ಬರಲಿ ಅಂತ ಗುರಿ. ಸರಿಯಾಗಿ ತಿರುಗಿಸದಿದ್ದರೆ ಬರೀ ಹಳದಿ ನೀರು ಚುಚ್ಚಿಸಿಕೊಂಡ ಹಾಗೆ. ನೋಡಿದರೆ ಗೊತ್ತೂ ಆಗುವುದಿಲ್ಲ! ಒಂದು ಅಧ್ಯಯನ ಹೊಗಳಿ ಇನ್ನೊಂದು ತಳ್ಳಿಹಾಕುವುದಕ್ಕೆ ಇದೂ ಒಂದು ಕಾರಣ, ಒಬ್ಬೊಬ್ಬರು ಒಂದೊಂದು ರೀತಿ ಮಾಡುತ್ತಾರೆ. ಹಾಗಾಗಿ ಎಷ್ಟು ಸಲ ತಿರುಗಿಸುತ್ತೀರಿ, ಪ್ಲೇಟ್‌ಲೆಟ್ ಎಣಿಸಿ ನೋಡುತ್ತೀರಾ ಅಂತ ಕೇಳಿ.

ನಿಮ್ಮ ನೆತ್ತಿಗೆ ಆಸೆ ಇಟ್ಟುಕೊಳ್ಳಬಹುದು. ಪ್ಲೇಟ್‌ಲೆಟ್‌ನಿಂದ ಹೊರಬರುವ ಗ್ರೋತ್ ಫ್ಯಾಕ್ಟರ್‌ಗಳು (ಬೆಳವಣಿಗೆಗೆ ಸೂಚನೆ ಕೊಡುವ ಪ್ರೋಟೀನ್‌ಗಳು) ಸೊರಗಿದ ಬೇರನ್ನು ಚುರುಕು ಮಾಡಬಲ್ಲವು, ಇಲ್ಲದ ಬೇರನ್ನು ಹುಟ್ಟಿಸಲಾರವು. ನುಣ್ಣಗಾದ ಮೂಲೆಗಳಿಗೆ ಕೂದಲು ಕಸಿ ಬಗ್ಗೆ ವಿಚಾರಿಸಿ. ಸಾಮಾನ್ಯವಾಗಿ ತಿಂಗಳಿಗೊಂದರಂತೆ 3 ಸಲ, ಆಮೇಲೆ ಕೆಲವು ತಿಂಗಳಿಗೊಮ್ಮೆ ಮಾಡುತ್ತಾರೆ. ಮಿನಾಕ್ಸಿಡಿಲ್ ನೀವಾಗಿ ನಿಲ್ಲಿಸಬೇಡಿ.

ಗುಳಿಕೆನ್ನೆ:
ಮೊಡವೆ ಗುಳಿಗಳಿಗೆ ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು) ಜೊತೆ ಇದನ್ನೇ ಹಚ್ಚಿಸಿಕೊಂಡೆ. ಮುಖ ಬಿಸಿಲಿಗೆ ಸುಟ್ಟ ಹಾಗೆ ಕೆಂಪಾಗಿತ್ತು. ಗುಳಿ ಸ್ವಲ್ಪ ಮೇಲೆ ಬಂದಿದೆ, ನಿಜ. ಆದರೆ ಅದು ಸೂಜಿಯ ಪುಣ್ಯವೋ ಪ್ಲಾಸ್ಮಾದ್ದೋ ಯಾರು ಹೇಳಬೇಕು?

ನೆತ್ತಿಚಿಂತೆ:
ಬೇರೆಯವರ ರಕ್ತ ಬೆರೆತುಬಿಟ್ಟರೆ?

ಲ್ಯಾಬ್‌ನವಳು:
ಈ ಭಯ ಇರಲೇಬೇಕು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಲೈಸೆನ್ಸ್ ಇಲ್ಲದ ಒಂದು ಸ್ಪಾದಲ್ಲಿ ‘ವ್ಯಾಂಪೈರ್ ಫೇಶಿಯಲ್’ (ಮುಖಕ್ಕೆ ಸೂಜಿ ಚುಚ್ಚಿ ಪಿಆರ್‌ಪಿ ಹಚ್ಚುವುದು) ಮಾಡಿಸಿಕೊಂಡವರಿಗೆ ಎಚ್‌ಐವಿ ಬಂತು. 2018ರಲ್ಲಿ ಅದನ್ನು ಮುಚ್ಚಿಸಿದರು. ಹೆಸರು ಬರೆಯದ ರಕ್ತದ ಟ್ಯೂಬುಗಳು ಅಲ್ಲಿನ ಫ್ರಿಜ್‌ನಲ್ಲಿ ತಿನ್ನುವ ಪದಾರ್ಥಗಳ ಜೊತೆಗೇ ಇದ್ದವು!

ಸೂಜಿ, ಸಿರಿಂಜು, ಟ್ಯೂಬು ಎಲ್ಲವನ್ನೂ ನಿಮ್ಮ ಎದುರೇ ಪ್ಯಾಕ್ ಒಡೆಯಲಿ. ರಕ್ತ ತೆಗೆದ ಕೂಡಲೇ ಟ್ಯೂಬಿನ ಮೇಲೆ ನಿಮ್ಮ ಹೆಸರು ಬರೆಯಲಿ. ಇನ್ನೊಂದು, ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಅಥವಾ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಇಷ್ಟು ಕೇಳಿದ್ದಕ್ಕೆ ಮುಖ ಗಂಟು ಹಾಕಿದರೆ ಎದ್ದು ಬನ್ನಿ.