ಒಂದೇ ಕೈಯಲ್ಲಿ ಸೋಲ್ಡರಿಂಗ್: ಲೆಡ್ ಉಂಡೆ ಕಟ್ಟುತ್ತಿದೆ, ಹಿಡಿಯುತ್ತಿಲ್ಲ

ಪ್ರಶ್ನೆ (ದಾವಣಗೆರೆ):
ಲಕ್ವ ಹೊಡೆದ ಮೇಲೆ ನನ್ನ ಎಡಗೈ ಕೆಲಸಕ್ಕೆ ಬರುತ್ತಿಲ್ಲ. ಅಂಗಿ, ಊಟ, ಮೊಬೈಲ್ ಹೇಗೋ ನಡೆಯುತ್ತಿದೆ. ಮಂಡಕ್ಕಿ ಮಿರ್ಚಿಗಂತೂ ಒಂದು ಕೈ ಧಾರಾಳ. ನಿಂತುಹೋಗಿರುವುದು ಹಳೇ ರೇಡಿಯೊ ರಿಪೇರಿ. ಬೋರ್ಡನ್ನು ಟೇಬಲ್ ವೈಸ್‌ಗೆ ಕಚ್ಚಿಸಿದ್ದೇನೆ. ಸೋಲ್ಡರಿಂಗ್ ಐರನ್ ಹಿಡಿದರೆ ಲೆಡ್ (ಬೆಸುಗೆ ತಂತಿ) ಹಿಡಿಯಲು ಕೈ ಇಲ್ಲ. ಹಾಗಾಗಿ ಬಿಟ್ (ಐರನ್‌ನ ಬಿಸಿ ಮೊನೆ) ತುದಿಯಲ್ಲೇ ಲೆಡ್ ಕರಗಿಸಿಕೊಂಡು ಕೆಪಾಸಿಟರ್ ಕಾಲಿಗೆ ಮುಟ್ಟಿಸುತ್ತೇನೆ. ಮಂಕಾಗಿ ಉಂಡೆ ಕಟ್ಟುತ್ತದೆ, ಅಲುಗಿಸಿದರೆ ಕಿತ್ತು ಬರುತ್ತದೆ. 25 ವ್ಯಾಟ್ ಐರನ್, 60/40 ಲೆಡ್ (60 ಭಾಗ ತವರ, 40 ಭಾಗ ಸೀಸ). ಇನ್ನೂ ಜಾಸ್ತಿ ವ್ಯಾಟ್‌ನ ಐರನ್ ತಗೋಬೇಕಾ?

ಉತ್ತರ (ಚಿತ್ರದುರ್ಗ):
ಬೇಡ ಸರ್, ಸುಮ್ನೆ ದುಡ್ಡು ದಂಡ. 60/40 ಲೆಡ್ 190 ಡಿಗ್ರಿ ಹೊತ್ತಿಗೆಲ್ಲ ಪೂರ್ತಿ ಕರಗುತ್ತದೆ. ನಿಮ್ಮ ಐರನ್ ಸಾಕು. ತೊಂದರೆ ಇರುವುದು ಫ್ಲಕ್ಸ್‌ನಲ್ಲಿ, ಅಂದರೆ ಲೋಹದ ಮೇಲಿನ ಕಿಲುಬು ತೆಗೆದು ಲೆಡ್ ಹರಡುವಂತೆ ಮಾಡುವ ಪದಾರ್ಥದಲ್ಲಿ. ಲೆಡ್ ತಂತಿಯ ಹೊಟ್ಟೆಯೊಳಗೆ ಫ್ಲಕ್ಸ್ ಇರುತ್ತದಲ್ವಾ, ನೀವು ಬಿಟ್ ಮೇಲೆ ಕರಗಿಸಿ ತರುವಷ್ಟರಲ್ಲಿ ಅದು ಹೊಗೆಯಾಗಿ ಹೋಗಿರುತ್ತದೆ. ಫ್ಲಕ್ಸ್ ಇಲ್ಲದ ಲೆಡ್ ತಾಮ್ರಕ್ಕೆ ಹರಡುವುದಿಲ್ಲ.

ಹೀಗೆ ಮಾಡಿ. ಲೆಡ್ ತಂತಿಯನ್ನು ಕೆಪಾಸಿಟರ್ ಕಾಲಿಗೆ ಒಂದೆರಡು ಸುತ್ತು ಸುತ್ತಿ ಕತ್ತರಿಸಿ. ಮೆತ್ತಗಿರುತ್ತದೆ, ಬೆರಳಲ್ಲೇ ಬರುತ್ತದೆ. ಸುತ್ತು ಪ್ಯಾಡ್‌ಗೆ (ಬೋರ್ಡ್ ಮೇಲಿನ ತಾಮ್ರದ ಬಿಲ್ಲೆಗೆ) ತಾಗಿಕೊಂಡಿರಲಿ. ಮೇಲೆ ಸ್ವಲ್ಪ ಫ್ಲಕ್ಸ್ ಪೇಸ್ಟ್ ಸವರಿ. ಪ್ಲಂಬಿಂಗ್ ಪೇಸ್ಟ್ ಬೇಡ, ಅದು ತಾಮ್ರ ತಿನ್ನುತ್ತದೆ. ಈಗ ಬಿಟ್ ಅನ್ನು ಕಾಲು, ಪ್ಯಾಡ್ ಎರಡಕ್ಕೂ ತಾಗುವಂತೆ ಇಡಿ. ಎರಡು ಮೂರು ಸೆಕೆಂಡಿನಲ್ಲಿ ಸುತ್ತು ತಾನಾಗಿ ಕರಗಿ ಹರಿಯುತ್ತದೆ. ಐರನ್ ತೆಗೆದ ಮೇಲೆ ಆರುವವರೆಗೂ ಅಲುಗಿಸಬೇಡಿ.

ಬೋರ್ಡ್ ತಿರುಗಿಸುವಾಗ ಕೆಪಾಸಿಟರ್ ಬೀಳುತ್ತಿದ್ದರೆ ಕಾಲುಗಳನ್ನು ಸ್ವಲ್ಪ ಹೊರಕ್ಕೆ ಬಗ್ಗಿಸಿ, ಮೇಲಿಂದ ಪೇಂಟರ್‌ಗಳು ಬಳಸುವ ಕಾಗದದ ಟೇಪ್ ಅಂಟಿಸಿ. ಪ್ಲಾಸ್ಟಿಕ್ ಟೇಪ್ ಕರಗುತ್ತದೆ.

ಉತ್ತರ (ಹರಿಹರ):
ಒಂದು ಮಾತು ಸೇರಿಸುತ್ತೇನೆ. ನಿಮ್ಮ ಎಡಗೈಗೆ ಸ್ಪರ್ಶ ಗೊತ್ತಾಗುತ್ತದಾ? ಇಲ್ಲವಾದರೆ ಅದನ್ನು ಟೇಬಲ್ ಮೇಲೆ ಇಡಲೇಬೇಡಿ, ತೊಡೆ ಮೇಲಿರಲಿ. ಐರನ್ ತಾಗಿ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಸ್ಟ್ಯಾಂಡ್ ಬಲಗಡೆ ಇಟ್ಟು ಸ್ಕ್ರೂ ಹಾಕಿ ಬಿಗಿದುಬಿಡಿ. ಉರುಳಿದರೆ ಹಿಡಿಯಲು ಇನ್ನೊಂದು ಕೈ ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಸುತ್ತುವ ಉಪಾಯ ಕೆಲಸ ಮಾಡಿತು ಸರ್! ಬೆಸುಗೆ ಹೊಳೆಯುತ್ತಿದೆ. ಸಂಜೆ 102.6ರಲ್ಲಿ ಚಿತ್ರದುರ್ಗ ಆಕಾಶವಾಣಿ ಚೆನ್ನಾಗಿ ಬಂತು. ಎಡಗೈಗೆ ಬಿಸಿ ಅಷ್ಟಾಗಿ ತಿಳಿಯುವುದಿಲ್ಲ, ಹಾಗಾಗಿ ತೊಡೆ ಮೇಲೇ ಇಟ್ಟುಕೊಂಡೆ. ಇನ್ನು ವೈರ್ ಸಿಪ್ಪೆ ಬಿಡಿಸುವುದು ಒಂದು ಉಳಿದಿದೆ. ಹಲ್ಲಲ್ಲಿ ಕಚ್ಚಿ ಎಳೆಯುತ್ತಿದ್ದೇನೆ.

ಉತ್ತರ (ಚಿತ್ರದುರ್ಗ):
ಅಯ್ಯೋ, ಹಲ್ಲು ಉಳಿಸಿಕೊಳ್ಳಿ ಸರ್. ಆಟೋಮ್ಯಾಟಿಕ್ ವೈರ್ ಸ್ಟ್ರಿಪ್ಪರ್ ಅಂತ ಕೇಳಿ. ಹಿಡಿ ಒತ್ತಿದರೆ ಒಂದು ದವಡೆ ವೈರ್ ಹಿಡಿಯುತ್ತದೆ, ಇನ್ನೊಂದು ಸಿಪ್ಪೆ ಎಳೆಯುತ್ತದೆ. ಒಂದೇ ಕೈ ಸಾಕು. ತೀರಾ ಸಣ್ಣ ವೈರ್ ಆದರೆ ಕೆಲವೊಮ್ಮೆ ಜಾರುತ್ತದೆ. ಆಗ ವೈರನ್ನು ವೈಸ್‌ಗೆ ಕಚ್ಚಿಸಿ, ಸಾದಾ ಸ್ಟ್ರಿಪ್ಪರ್‌ನಲ್ಲಿ ನಿಮ್ಮ ಕಡೆಗೆ ಎಳೆಯಿರಿ.