ಒಂದೇ ಐ2ಸಿ ಬಸ್‌ಗೆ ಪೈ, ನ್ಯಾನೊ ಎರಡೂ ಮಾಸ್ಟರ್: ಆಗಾಗ ತಪ್ಪು ಡೇಟಾ ಬರುತ್ತಿದೆ

ತಂತಿಜಾಲ:
ರಾಸ್ಪ್‌ಬೆರಿ ಪೈ 3 ಮತ್ತು 5 ವೋಲ್ಟ್ ಆರ್ಡುಯಿನೊ ನ್ಯಾನೊ ಎರಡನ್ನೂ ಒಂದೇ ಐ2ಸಿ ಬಸ್‌ಗೆ (ಚಿಪ್‌ಗಳು ಎರಡೇ ಲೈನ್‌ನಲ್ಲಿ ಮಾತಾಡುವ ಜಾಲ: ಡೇಟಾಕ್ಕೆ ಎಸ್‌ಡಿಎ, ಕ್ಲಾಕ್‌ಗೆ ಎಸ್‌ಸಿಎಲ್) ಮಾಸ್ಟರ್ ಆಗಿ, ಅಂದರೆ ಮಾತು ಶುರುಮಾಡುವ ಕಡೆಯಾಗಿ, ಜೋಡಿಸಿದ್ದೇನೆ. ವೇಗ 100 ಕಿಲೋಹರ್ಟ್ಸ್. ಬಸ್‌ನಲ್ಲಿರುವುದು ಡಿಎಸ್3231 ಗಡಿಯಾರ (ವಿಳಾಸ ಹೆಕ್ಸ್ 68), 24ಸಿ256 ಇಇಪ್ರಾಮ್ ಮೆಮೊರಿ (ಹೆಕ್ಸ್ 50), ವೋಲ್ಟೇಜ್ ಅಳೆಯುವ ಎಡಿಎಸ್1115 (ಹೆಕ್ಸ್ 48). ಈ ಮೂರು ಚಿಪ್‌ಗೂ 3.3 ವೋಲ್ಟ್ ಪೂರೈಕೆ.

ತೊಂದರೆ ಮೂರು. ಪೈಗೆ ಒಮ್ಮೊಮ್ಮೆ ಅರ್ಥವಿಲ್ಲದ ಸಮಯ ಸಿಗುತ್ತದೆ, ಆದರೆ ಎರರ್ ಬರುವುದಿಲ್ಲ. ಇಇಪ್ರಾಮ್‌ನಿಂದ ಬರುವ ಬೈಟ್‌ಗಳು ಸರಿಯಾದವೇ, ಆದರೆ ಬೇರೆ ಜಾಗದವು. ನ್ಯಾನೊದಲ್ಲಿ ಎಂಡ್‌ಟ್ರಾನ್ಸ್‌ಮಿಷನ್ ಕರೆ ಆಗಾಗ ಎರರ್ ಸಂಖ್ಯೆ 4 ಕೊಡುತ್ತದೆ. ಐ2ಸಿಯಲ್ಲಿ ಆರ್ಬಿಟ್ರೇಷನ್ (ಇಬ್ಬರು ಒಟ್ಟಿಗೆ ಮಾತಾಡಿದರೆ ಒಬ್ಬರು ಸರಿಯುವ ನಿಯಮ) ಇದೆಯಲ್ಲ, ಇದು ತಾನಾಗಿಯೇ ಬಗೆಹರಿಯಬೇಕಿತ್ತಲ್ಲವೇ?

ಬಿಟ್‌ಗಾರ:
ಆರ್ಬಿಟ್ರೇಷನ್ ನಡೆಯಬೇಕಾದರೆ ಎರಡೂ ಮಾಸ್ಟರ್‌ಗಳಿಗೆ ಅದು ಗೊತ್ತಿರಬೇಕು. ನ್ಯಾನೊದ ಎಟಿಮೆಗಾ328ಪಿ ಚಿಪ್‌ಗೆ ಗೊತ್ತು, ಪೈಗೆ ಗೊತ್ತಿಲ್ಲ. ಮೊದಲ ಪೈಯ ಚಿಪ್ ಬಿಸಿಎಂ2835ರ ಪೆರಿಫೆರಲ್ ದಾಖಲೆಯಲ್ಲೇ ಆ ಐ2ಸಿ ಕಂಟ್ರೋಲರ್ ಸಿಂಗಲ್ ಮಾಸ್ಟರ್ ಮಾತ್ರ ಎಂದು ಬರೆದಿದೆ. ಪೈ 3ರಲ್ಲಿರುವುದೂ ಅದೇ ಬ್ಲಾಕ್. ತಾನು ಸೋತಿದ್ದು ಅದಕ್ಕೆ ತಿಳಿಯುವುದಿಲ್ಲ, ಬಿಟ್‌ಗಳನ್ನು ಹಾಕುತ್ತಲೇ ಹೋಗುತ್ತದೆ.

ನಿಮ್ಮ ವಿಳಾಸಗಳನ್ನೇ ಬಿಡಿಸಿ ನೋಡಿ. ಎರಡೂ ಒಟ್ಟಿಗೆ ಸ್ಟಾರ್ಟ್ ಮಾಡಿದವು ಎನ್ನಿ. ಪೈ ಗಡಿಯಾರಕ್ಕೆ 1101000 ಕಳಿಸುತ್ತಿದೆ, ನ್ಯಾನೊ ಇಇಪ್ರಾಮ್‌ಗೆ 1010000 ಕಳಿಸುತ್ತಿದೆ. ಲೈನ್ ಓಪನ್ ಡ್ರೈನ್ (ಚಿಪ್‌ಗಳು ಅದನ್ನು ಕೆಳಕ್ಕೆ ಮಾತ್ರ ಎಳೆಯಬಲ್ಲವು) ಆದ್ದರಿಂದ ಯಾರು 0 ಹಾಕಿದರೂ 0. ಮೊದಲ ಬಿಟ್ ಇಬ್ಬರದ್ದೂ 1. ಎರಡನೆಯದರಲ್ಲಿ ಪೈ 1, ನ್ಯಾನೊ 0, ಲೈನ್ 0. ನಿಯಮದ ಪ್ರಕಾರ ಪೈ ಇಲ್ಲೇ ಹಿಂದೆ ಸರಿಯಬೇಕಿತ್ತು, ಸರಿಯಲಿಲ್ಲ. ಮೂರನೆಯದರಲ್ಲಿ ಪೈ 0, ನ್ಯಾನೊ 1, ಲೈನ್ 0. ಗೆಲ್ಲಬೇಕಾಗಿದ್ದ ನ್ಯಾನೊ ತಾನೇ ಸೋತೆನೆಂದು ಕೈಬಿಡುತ್ತದೆ. ನಿಮಗೆ ಸಿಗುವ 4ಕ್ಕೆ ಇದು ಒಂದು ಕಾರಣ. ಮುಂದಿನ ನಾಲ್ಕು ಬಿಟ್ ಪೈಯದ್ದೇ. ಒಟ್ಟು ಬಸ್ ಮೇಲೆ ಹೋದದ್ದು 1001000, ಅಂದರೆ ಹೆಕ್ಸ್ 48. ಎಡಿಎಸ್1115 ಎಸಿಕೆ (ಸಿಕ್ಕಿತು ಎಂಬ ಸೂಚನೆ) ಕೊಟ್ಟು ಉತ್ತರಿಸುತ್ತದೆ, ಪೈ ಅದನ್ನು ಸಮಯವೆಂದು ಓದಿಕೊಳ್ಳುತ್ತದೆ. ಎರರ್ ಬಾರದಿರುವುದು ಅದಕ್ಕೇ.

ಇಇಪ್ರಾಮ್ ವಿಷಯ ಬೇರೆ. ಎರಡೂ ಕಡೆ ಆರ್ಬಿಟ್ರೇಷನ್ ಇದ್ದರೂ ಅದು ಬರುತ್ತದೆ. ಪೈ ಎರಡು ಬೈಟ್ ವಿಳಾಸ ಬರೆದು ಸ್ಟಾಪ್ ಕೊಟ್ಟ ಕ್ಷಣ ಬಸ್ ಖಾಲಿ. ನಡುವೆ ನ್ಯಾನೊ ನುಗ್ಗಿ ಚಿಪ್‌ನೊಳಗಿನ ಪಾಯಿಂಟರ್ (ಮುಂದೆ ಓದುವ ಜಾಗದ ಗುರುತು) ಸರಿಸಿದರೆ, ಪೈ ಓದುವುದು ಹೊಸ ಜಾಗದಿಂದ. ವಿಳಾಸ ಬರೆಯುವುದು, ಓದುವುದು ಎರಡರ ನಡುವೆ ಸ್ಟಾಪ್ ಬೇಡ, ರಿಪೀಟೆಡ್ ಸ್ಟಾರ್ಟ್ (ಬಸ್ ಬಿಡದೆ ಮತ್ತೊಂದು ಸ್ಟಾರ್ಟ್) ಇರಲಿ. ಆರ್ಡುಯಿನೊದಲ್ಲಿ ಎಂಡ್‌ಟ್ರಾನ್ಸ್‌ಮಿಷನ್‌ಗೆ ಫಾಲ್ಸ್ ಕೊಡಿ. ಪೈಥಾನ್‌ನಲ್ಲಿ ಎಸ್‌ಎಂಬಸ್2ರ ಐ2ಸಿ-ಆರ್‌ಡಿಡಬ್ಲ್ಯುಆರ್ ಕರೆಗೆ ರೈಟ್, ರೀಡ್ ಎರಡೂ ಮೆಸೇಜ್ ಒಟ್ಟಿಗೆ ಕೊಡಿ.

ಬರೆದ ಮೇಲೆ 5 ಮಿಲಿಸೆಕೆಂಡ್‌ವರೆಗೆ 24ಸಿ256 ಯಾರಿಗೂ ಎಸಿಕೆ ಕೊಡುವುದಿಲ್ಲ. ಆಗ ಎಂಡ್‌ಟ್ರಾನ್ಸ್‌ಮಿಷನ್ ಕೊಡುವ 2 (ವಿಳಾಸಕ್ಕೆ ಎಸಿಕೆ ಬರಲಿಲ್ಲ) ಸಹಜ, ಅದನ್ನು ಡಿಕ್ಕಿ ಎಂದುಕೊಳ್ಳಬೇಡಿ.

ಓಮ್‌ನಿಯಮ:
ವೋಲ್ಟೇಜ್ ಕೂಡ ನೋಡಿ. ಎಟಿಮೆಗಾ 5 ವೋಲ್ಟ್‌ನಲ್ಲಿದ್ದರೆ 1 ಎಂದು ಖಚಿತವಾಗಿ ಓದಲು ಪೂರೈಕೆಯ 0.7 ಪಟ್ಟು, ಅಂದರೆ 3.5 ವೋಲ್ಟ್ ಬೇಕು. ನಿಮ್ಮ ಬಸ್ 3.3ಕ್ಕೆ ನಿಲ್ಲುತ್ತದೆ. ತಾನು ಬಿಟ್ಟ 1 ತನಗೇ 0 ಆಗಿ ಕಂಡರೆ ನ್ಯಾನೊ ಅದನ್ನೂ ಸೋಲೆಂದೇ ಎಣಿಸುತ್ತದೆ, ಎದುರಿಗೆ ಯಾರೂ ಇಲ್ಲದಿದ್ದರೂ. ಎರಡು ವೋಲ್ಟೇಜ್‌ಗಳನ್ನು ಹೊಂದಿಸುವ ಬಿಎಸ್‌ಎಸ್138 ಲೆವೆಲ್ ಶಿಫ್ಟರ್ ಹಾಕಿ, ಇಲ್ಲವೇ 8 ಮೆಗಾಹರ್ಟ್ಸ್, 3.3 ವೋಲ್ಟ್ ಆರ್ಡುಯಿನೊ ಪ್ರೊ ಮಿನಿಗೆ ಬದಲಿಸಿ.

ಪುಲ್‌ಅಪ್ (ಲೈನನ್ನು ಮೇಲಕ್ಕೆ ಎಳೆಯುವ ರೆಸಿಸ್ಟರ್) ಲೆಕ್ಕವನ್ನೂ ಮಾಡಿ. ಪೈ ಮೇಲೆಯೇ 1.8 ಕಿಲೋಓಮ್ ಇದೆ. ಗಡಿಯಾರದ ಬೋರ್ಡ್‌ನಲ್ಲಿ 4.7, ಎಡಿಎಸ್ ಬೋರ್ಡ್‌ನಲ್ಲಿ 10, ಇಇಪ್ರಾಮ್ ಬೋರ್ಡ್‌ನಲ್ಲಿ ಇನ್ನೊಂದು 4.7 ಇದ್ದರೆ ಸಮಾಂತರದಲ್ಲಿ ಸುಮಾರು 925 ಓಮ್. 3.3 ವೋಲ್ಟ್‌ಗೆ, 3 ಮಿಲಿಆಂಪ್ ಮಿತಿಯಲ್ಲಿ ಕನಿಷ್ಠ 967 ಬೇಕು. ಗಡಿಯಾರದ ಬೋರ್ಡ್‌ನ ಎರಡು ರೆಸಿಸ್ಟರ್ ಬಿಚ್ಚಿದರೆ ಸಾಕು.

ತಂತಿಜಾಲ:
ಧನ್ಯವಾದ. ಹಾಗಾದರೆ ಪೈಯನ್ನು ಈ ಬಸ್‌ನಿಂದ ತೆಗೆಯದೆ ದಾರಿ ಇಲ್ಲವೇ?

ಬಿಟ್‌ಗಾರ:
ತೆಗೆಯುವುದೇ ಒಳ್ಳೆಯದು. ನ್ಯಾನೊ ಒಂದೇ ಮಾಸ್ಟರ್ ಆಗಿರಲಿ, ಪೈ ಜತೆ ಸೀರಿಯಲ್‌ನಲ್ಲಿ ಮಾತಾಡಲಿ. ನ್ಯಾನೊದ ಟಿಎಕ್ಸ್ (ಕಳಿಸುವ ಪಿನ್)ನಿಂದ ಪೈನ ಆರ್‌ಎಕ್ಸ್ (ಪಡೆಯುವ ಪಿನ್)ಗೆ 1 ಕಿಲೋಓಮ್, ಅಲ್ಲಿಂದ ಗ್ರೌಂಡ್‌ಗೆ 2 ಕಿಲೋಓಮ್. 5 ವೋಲ್ಟ್ 3.3ಕ್ಕೆ ಇಳಿಯುತ್ತದೆ. ನ್ಯಾನೊವನ್ನು ಪೈನ ಸ್ಲೇವ್ (ಕೇಳಿದಾಗ ಮಾತ್ರ ಉತ್ತರಿಸುವ ಚಿಪ್) ಮಾಡುವುದು ನನಗೆ ಇಷ್ಟವಿಲ್ಲ: ಎಟಿಮೆಗಾ ಕ್ಲಾಕ್ ಹಿಡಿದಿಡುತ್ತದೆ, ಪೈನ ಕಂಟ್ರೋಲರ್‌ಗೆ ಹೀಗೆ ಹಿಡಿದಿಡುವುದರಲ್ಲಿ, ಅಂದರೆ ಕ್ಲಾಕ್ ಸ್ಟ್ರೆಚಿಂಗ್‌ನಲ್ಲಿ, ಹಾರ್ಡ್‌ವೇರ್ ದೋಷವಿದೆ.

ಕರ್ನಲ್‌ಕಡೆ:
ಎರಡೂ ಮಾಸ್ಟರ್ ಇರಲೇಬೇಕೆಂದರೆ ಬಸ್ ಮೇಲೆ ಹಕ್ಕು ಸಾರುವ ಲೈನ್ ಎರಡು ಎಳೆಯಿರಿ, ಒಬ್ಬೊಬ್ಬರಿಗೆ ಒಂದೊಂದು. 2012ರ ಸ್ಯಾಮ್‌ಸಂಗ್ ಎಆರ್‌ಎಂ ಕ್ರೋಮ್‌ಬುಕ್‌ನಲ್ಲಿ ಮುಖ್ಯ ಪ್ರೊಸೆಸರ್ ಮತ್ತು ಎಂಬೆಡೆಡ್ ಕಂಟ್ರೋಲರ್ ಬಸ್ ಹಂಚಿಕೊಂಡಿದ್ದು ಹೀಗೆಯೇ. ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕೆ ಜಿಪಿಐಒ (ಸಾಮಾನ್ಯ ಬಳಕೆಯ ಪಿನ್) ಚಾಲೆಂಜ್ ಡ್ರೈವರ್ ಇದೆ. ನಮ್ಮ ಲೈನ್ ಎತ್ತಿ 10 ಮೈಕ್ರೊಸೆಕೆಂಡ್ ಕಾಯುವುದು, ಎದುರಿನ ಲೈನ್ ಇಳಿದಿದ್ದರೆ ಬಸ್ ನಮ್ಮದು. ಎದ್ದಿದ್ದರೆ 3 ಮಿಲಿಸೆಕೆಂಡ್ ನೋಡಿ, ಆಮೇಲೂ ಇಳಿಯದಿದ್ದರೆ ನಮ್ಮದನ್ನು ಇಳಿಸಿ ಮತ್ತೆ ಎತ್ತುವುದು. 50 ಮಿಲಿಸೆಕೆಂಡ್ ಕಳೆದರೆ ಎರರ್. ಇವು ಡ್ರೈವರ್‌ನ ಡೀಫಾಲ್ಟ್‌ಗಳು. ನ್ಯಾನೊದ ಕೋಡ್‌ನಲ್ಲಿ 3 ಮಿಲಿಸೆಕೆಂಡ್‌ನ ಬದಲು 5 ಇಡಿ, ಇಬ್ಬರೂ ಒಂದೇ ತಾಳಕ್ಕೆ ಎತ್ತಿ ಇಳಿಸುತ್ತಾ ಕೂರಬಾರದು.

ಹಕ್ಕಿನ ಎರಡೂ ಲೈನ್‌ಗೆ 10 ಕಿಲೋಓಮ್ ಪುಲ್‌ಡೌನ್ (ಕೆಳಕ್ಕೆ ಎಳೆಯುವ ರೆಸಿಸ್ಟರ್) ಹಾಕಿ. ನ್ಯಾನೊ ರೀಸೆಟ್ ಆದಾಗ ಪಿನ್ ತೇಲುತ್ತದೆ. ಪುಲ್‌ಡೌನ್ ಇಲ್ಲದಿದ್ದರೆ ಪೈಗೆ ಬಸ್ ಸಿಗದೇ ಹೋಗಬಹುದು. ನ್ಯಾನೊ 5 ವೋಲ್ಟ್‌ನದ್ದೇ ಆದರೆ ಅದರ ಲೈನ್‌ಗೂ ಲೆವೆಲ್ ಶಿಫ್ಟರ್ ಬೇಕು. ಓದುತ್ತಿರುವಾಗಲೇ ರೀಸೆಟ್ ಆಗಿ ಯಾವುದೋ ಚಿಪ್ ಎಸ್‌ಡಿಎ ಕೆಳಗೆ ಹಿಡಿದು ನಿಂತರೆ, ಹಕ್ಕು ಪಡೆದವರು ಎಸ್‌ಸಿಎಲ್ ಮೇಲೆ 9 ಪಲ್ಸ್ ಕೊಟ್ಟು ಸ್ಟಾಪ್ ಕಳಿಸಲಿ. ತಂತಿ ಎಳೆಯಲು ಪಿನ್ ಉಳಿದಿಲ್ಲವಾದರೆ ಪಿಸಿಎ9541 ಚಿಪ್: ಎರಡು ಮಾಸ್ಟರ್ ಒಂದು ಕಡೆ, ಹಂಚಿಕೊಂಡ ಬಸ್ ಇನ್ನೊಂದು ಕಡೆ, ಅದಕ್ಕೂ ಕರ್ನಲ್‌ನಲ್ಲಿ ಡ್ರೈವರ್ ಇದೆ.